ಹೆಬ್ಬುಲಿ ಕ್ರಾಪು: ಅದರ ಬಗೆ ಮತ್ತು ಮನೆಯಲ್ಲಿ ಮಾಡುವ ಕ್ರಮ

ಈಚಿನ ವರ್ಷಗಳಲ್ಲಿ ನಮ್ಮ ಶಾಲೆಯ ಹುಡುಗರ ತಲೆಗಳ ಹೊರಭಾಗವನ್ನು ಕುರಿತು ಪೋಷಕರಿಂದ ನಮಗೆ ಬರುವ ದೂರುಗಳು, ಅವುಗಳ ಒಳಭಾಗವನ್ನು ಕುರಿತು ಬರುವ ವಿಚಾರಣೆಗಳಿಗಿಂತ ಹೆಚ್ಚಾಗಿವೆ. ಕಿವಿಯ ಸುತ್ತಲೂ ಹಿಂದಲೆಯಲ್ಲಿಯೂ ಚರ್ಮ ಕಾಣುವಷ್ಟು ಕೂದಲನ್ನು ತೆಗೆಸಿ, ನೆತ್ತಿಯ ಮೇಲೆ ಮಾತ್ರ ಮೂರು ನಾಲ್ಕು ಅಂಗುಲ ಉಳಿಸಿಕೊಳ್ಳುವ ಈ ಬಗೆಗೆ ಅಂಡರ್‌ಕಟ್ ಎಂದು ಹೆಸರು. ಕನ್ನಡದ ಹುಡುಗರು ಇದನ್ನು ಹೆಬ್ಬುಲಿ ಕಟಿಂಗ್ ಎಂದು ಕರೆದರು. 2017ರಲ್ಲಿ ತೆರೆಕಂಡ ‘ಹೆಬ್ಬುಲಿ’ ಚಿತ್ರದಲ್ಲಿ ನಟ ಸುದೀಪರ ತಲೆ ಹಾಗಿದ್ದುದೇ ಕಾರಣ. ತಮಿಳು ಹುಡುಗರು ‘ಪುಳ್ಳಿಂಗೋ’ ಎನ್ನುವ ಬಗೆಯೂ ಇದರ ಸಮೀಪದ ಬಂಧುವೇ. ಆದುದರಿಂದ ಹೊಸೂರಿನ ಬಸ್ ನಿಲ್ದಾಣದಲ್ಲಿ ನಿಂತ ಹತ್ತು ಹುಡುಗರಲ್ಲಿ ಮನೆಮಾತು ಯಾವುದೆಂದು ತಲೆ ನೋಡಿ ಹೇಳುವುದು ಯಾರಿಂದಲೂ ಆಗದು.

2023ರ ಜುಲೈ ತಿಂಗಳಲ್ಲಿ, ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ತಾಲ್ಲೂಕಿನ ಕುಲಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಕ್ಷೌರದ ಅಂಗಡಿಯವರಿಗೆ ಪತ್ರ ಬರೆದು, ತಮ್ಮ ವಿದ್ಯಾರ್ಥಿಗಳಿಗೆ ಹೆಬ್ಬುಲಿ ಕಟಿಂಗ್ ಮಾಡಬಾರದೆಂದು ಕೋರಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಆ ಮಿತ್ರರ ಸಂಕಟವನ್ನು ನಾವು ಬಲ್ಲೆವು. ಲೆಕ್ಕದ ಪಾಠದ ನಡುವೆ ಹಣೆಯ ಮೇಲಿನ ಕೂದಲನ್ನು ಹತ್ತು ಸಲ ಹಿಂದಕ್ಕೆ ಎಸೆಯುವ ಹುಡುಗನನ್ನು ಕಂಡು ಸಹನೆ ಉಳಿಸಿಕೊಳ್ಳುವುದು ಸುಲಭವಲ್ಲ. ಆದರೆ ಕೆಲವೆಡೆ ಉಪಾಧ್ಯಾಯರೇ ಕತ್ತರಿ ಹಿಡಿದು ಪ್ರಾರ್ಥನೆಯ ಸಾಲಿನಲ್ಲಿ ಹುಡುಗರ ಕೂದಲನ್ನು ಕತ್ತರಿಸುವುದುಂಟಷ್ಟೆ. ಅದನ್ನು ನಾವು ಒಪ್ಪುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿಯು ದೈಹಿಕ ಶಿಕ್ಷೆಯೊಡನೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹದಿಮೂರರ ಹುಡುಗನಿಗೆ ನೂರು ಮಂದಿಯ ಎದುರು ಅರ್ಧ ಬೋಳಾಗಿ ನಿಲ್ಲುವುದಕ್ಕಿಂತ ಹೆಚ್ಚಿನ ಹಿಂಸೆ ಯಾವುದಿದೆ?

ಇದನ್ನು ಹೊಸ ಅನಾಚಾರವೆಂದು ಬೈಯುವ ಹಿರಿಯರು ತಮ್ಮ ಮುತ್ತಾತಂದಿರ ಭಾವಚಿತ್ರವಿದ್ದರೆ ಒಮ್ಮೆ ನೋಡುವುದು ಒಳ್ಳೆಯದು. ಅವರ ಜುಟ್ಟು ಎಂಥದು? ಮುಂದಲೆಯನ್ನೂ ಕಿವಿಯ ಮೇಲ್ಭಾಗವನ್ನೂ ನುಣ್ಣಗೆ ಬೋಳಿಸಿ, ನೆತ್ತಿಯ ಮತ್ತು ಹಿಂದಲೆಯ ಕೂದಲನ್ನು ಉದ್ದಕ್ಕೆ ಬಿಟ್ಟು ಗಂಟು ಹಾಕಿದ್ದು. ಪಕ್ಕದಲ್ಲಿ ಕಡಿಮೆ, ಮೇಲೆ ಹೆಚ್ಚು. ತತ್ತ್ವದಲ್ಲಿ ಹೆಬ್ಬುಲಿಗೂ ಅದಕ್ಕೂ ಬಹಳ ದೂರವಿಲ್ಲ. ಆ ಜುಟ್ಟನ್ನು ತೆಗೆಸಿ ಕ್ರಾಪು ಬಿಟ್ಟ ಮೊದಲ ತಲೆಮಾರಿನ ಹುಡುಗರನ್ನು ಬಿಳಿಯರ ಅನುಕರಣೆ ಮಾಡುವವರೆಂದು ಮನೆಯ ಹಿರಿಯರು ಹಳಿದರು. ಇಂದು ಸಭ್ಯತೆಯ ಗುರುತೆಂದು ನಾವು ಹೊಗಳುವ ‘ಕ್ರಾಪು’ ಎಂಬ ಮಾತೇ ಇಂಗ್ಲಿಷಿನಿಂದ ಬಂದುದು. ಅಂಡರ್‌ಕಟ್ಟಾದರೂ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ; ಯೂರೋಪಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಸೈನಿಕರಲ್ಲಿಯೂ ನಾಗರಿಕರಲ್ಲಿಯೂ ಬಳಕೆಯಲ್ಲಿದ್ದು, ಮರೆಯಾಗಿ, 2013ರಿಂದ ಪ್ರಸಾರವಾದ ‘ಪೀಕಿ ಬ್ಲೈಂಡರ್ಸ್’ ಎಂಬ ಬ್ರಿಟಿಷ್ ಧಾರಾವಾಹಿಯಂಥವುಗಳ ಮೂಲಕ ಮರಳಿ ಲೋಕವನ್ನೆಲ್ಲ ಸುತ್ತಿತು.

ಹಾಗಾದರೆ ಶಾಲೆ ಕೇಳತಕ್ಕದ್ದೇನು? ಕೂದಲು ಕಣ್ಣಿಗೆ ಬೀಳಬಾರದು, ಶುಚಿಯಾಗಿರಬೇಕು, ಪಾಠದ ಹೊತ್ತನ್ನು ತಿನ್ನಬಾರದು. ಇಷ್ಟಕ್ಕೆ ಹೆಬ್ಬುಲಿಯೂ ಒಗ್ಗಬಲ್ಲದು. ಪಕ್ಕದ ಕೂದಲನ್ನು ಚರ್ಮ ಕಾಣುವಂತೆ ತೆಗೆಯದೆ ಅರ್ಧ ಅಂಗುಲದಷ್ಟು ಉಳಿಸಿ, ಮೇಲಿನದನ್ನು ಹುಬ್ಬಿಗೆ ತಾಗದಷ್ಟು ಇಟ್ಟುಕೊಂಡರೆ ನಮ್ಮ ಆಕ್ಷೇಪಣೆಯಿಲ್ಲ. ಆ ಬಗೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು.

ಮನೆಯಲ್ಲಿ ಏಕೆ ಎಂದು ಕೇಳುವವರುಂಟು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬೀಗ ಹಾಕಿಕೊಂಡು ಕುಳಿತಾಗ ಅನೇಕ ತಂದೆತಾಯಿಗಳು ಅನಿವಾರ್ಯವಾಗಿ ಕತ್ತರಿ ಹಿಡಿದರು. ಕೆಲವರಿಗೆ ಆ ಕೈ ಇನ್ನೂ ಉಳಿದಿದೆ. ಮೂರು ಗಂಡುಮಕ್ಕಳಿರುವ ಮನೆಯಲ್ಲಿ ಖರ್ಚೂ ಒಂದು ಮಾತೇ. ಇವೆರಡೂ ಒಳ್ಳೆಯ ಕಾರಣಗಳು. ಮೂರನೆಯದೊಂದಿದೆ, ಅದು ಒಳ್ಳೆಯದಲ್ಲ. ಊರಿನ ಅಂಗಡಿಯ ಕುರ್ಚಿ ತಮ್ಮ ಜಾತಿಗೆ ಸಿಗದೆಂಬ ಕಾರಣದಿಂದ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗುವ, ಇಲ್ಲವೆ ಮನೆಯ ಹಿತ್ತಲಲ್ಲಿ ಅಣ್ಣನ ಕೈಗೆ ತಲೆ ಕೊಡುವ ಹುಡುಗರನ್ನು ನಾವು ಬಲ್ಲೆವು. ಊರಿನ ಹೆಸರು ಇಲ್ಲಿ ಬೇಡ. 2020ರಲ್ಲಿ ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ, ಪರಿಶಿಷ್ಟ ಜಾತಿಯವರಿಗೆ ಕ್ಷೌರ ಮಾಡಿದ್ದಕ್ಕಾಗಿ ತಮಗೆ ದಂಡವನ್ನೂ ಬಹಿಷ್ಕಾರವನ್ನೂ ವಿಧಿಸಿದರೆಂದು ಕ್ಷೌರಿಕರೊಬ್ಬರು ದೂರಿದ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಅಂದರೆ ಕತ್ತರಿ ಹಿಡಿದವರೂ ಸ್ವತಂತ್ರರಲ್ಲ. 2025ರಲ್ಲಿ ‘ಹೆಬ್ಬುಲಿ ಕಟ್’ ಎಂಬ ಹೆಸರಿನದೇ ಒಂದು ಕನ್ನಡ ಚಿತ್ರ ತೆರೆಕಂಡಿತು. ಈ ಕ್ರಾಪನ್ನು ಬಯಸುವ ಬಡ ಹುಡುಗನಿಗೂ ಕ್ಷೌರದ ಕುರ್ಚಿಗೂ ನಡುವೆ ಜಾತಿ ಬಂದು ನಿಲ್ಲುವುದೇ ಅದರ ಕಥೆ. ಸಂವಿಧಾನದ 15ನೆಯ ವಿಧಿಯು ಅಂಗಡಿಗಳ ಪ್ರವೇಶಕ್ಕೆ ಜಾತಿಯ ತಡೆಯೊಡ್ಡುವುದನ್ನು ನಿಷೇಧಿಸುತ್ತದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಂತೆ ಅಸ್ಪೃಶ್ಯತೆಯ ನೆಪದಿಂದ ಸೇವೆಯನ್ನು ನಿರಾಕರಿಸುವುದು ದಂಡನೀಯ ಅಪರಾಧ. ಮನೆಯ ಕ್ಷೌರವು ಇಚ್ಛೆಯಿಂದ ಆದರೆ ಸೊಗಸು; ಮುಚ್ಚಿದ ಬಾಗಿಲಿನಿಂದ ಆದರೆ ಅದರ ಮಾತೇ ಬೇರೆ. ಅಂಥ ಹುಡುಗರು ನಮ್ಮ ಬಳಿಗೆ ಬಂದು ಹೇಳಲಿ, ಅವರೊಡನೆ ಆ ಅಂಗಡಿಗೆ ನಾವೂ ಬರುತ್ತೇವೆ.

ಈ ವೃತ್ತಿಯವರನ್ನು ಹಗುರವಾಗಿ ಕಾಣುವ ಅಭ್ಯಾಸವೂ ನಮ್ಮಲ್ಲಿದೆ. ತಮಿಳಿನಲ್ಲಿ ಅವರಿಗೆ ‘ಮರುತ್ತುವರ್’, ಅಂದರೆ ವೈದ್ಯರು ಎಂಬ ಹೆಸರುಂಟು. ಗಾಯ ಹುಣ್ಣುಗಳ ಚಿಕಿತ್ಸೆಯೂ ಹೆರಿಗೆ ಮಾಡಿಸುವ ಕೆಲಸವೂ ಹಿಂದೆ ಅವರ ಮನೆತನಗಳಲ್ಲಿದ್ದವು. ನಮ್ಮ ಕಡೆ ಹಳ್ಳಿಯ ಆಯಗಾರರಲ್ಲಿ ಅವರೂ ಒಬ್ಬರಾಗಿದ್ದು, ವರ್ಷದ ದುಡಿಮೆಗೆ ಸುಗ್ಗಿಯಲ್ಲಿ ಧಾನ್ಯ ಪಡೆಯುತ್ತಿದ್ದರು. ಒಮ್ಮೆ ಮನೆಯಲ್ಲಿ ಕತ್ತರಿ ಹಿಡಿದು ನೋಡಿದವರಿಗೆ ಅವರ ಕೈಚಳಕದ ಬೆಲೆ ತಾನಾಗಿಯೇ ತಿಳಿಯುತ್ತದೆ.

ಇನ್ನು ಕ್ರಮಕ್ಕೆ ಬರೋಣ. ಬೇಕಾದುದು ಒಂದು ಕೂದಲು ಕತ್ತರಿಸುವ ಮೆಷಿನ್, ಅದರ ಗಾರ್ಡುಗಳು, ಹರಿತವಾದ ಕತ್ತರಿ, ಬಾಚಣಿಗೆ, ಎರಡು ಕನ್ನಡಿ, ಹಳೆಯ ಪಂಚೆ. ಮೆಷಿನ್ನಿನ ತುದಿಯನ್ನು ವಿದ್ಯಾರ್ಥಿಗಳು ಗಮನಿಸಿ ನೋಡಬೇಕು. ಬಾಚಣಿಗೆಯಂಥ ಎರಡು ಅಲಗುಗಳು ಒಂದರ ಮೇಲೊಂದಿವೆ. ಕೆಳಗಿನದು ನಿಶ್ಚಲ, ಮೇಲಿನದು ಅತ್ತಿತ್ತ ಸರಿಯುವುದು. ಹತ್ತಾರು ಪುಟ್ಟ ಕತ್ತರಿಗಳನ್ನು ಸಾಲಾಗಿ ನಿಲ್ಲಿಸಿದಂತೆ ಅದು ಕೆಲಸ ಮಾಡುತ್ತದೆ. ಅಮೆರಿಕದ ಲಿಯೋ ವಾಲ್ ಎಂಬಾತ ವಿದ್ಯುತ್ತಿನ ಇಂಥ ಯಂತ್ರಕ್ಕೆ 1919ರಲ್ಲಿ ಪೇಟೆಂಟ್ ಕೋರಿದನು. ಗಾರ್ಡೆಂಬುದು ಅಲಗನ್ನು ಚರ್ಮದಿಂದ ದೂರವಿರಿಸುವ ಪ್ಲಾಸ್ಟಿಕ್ ಹಲ್ಲು. ಸಾಮಾನ್ಯವಾಗಿ 1ನೆಯ ಸಂಖ್ಯೆಯದು 3 ಮಿಲಿಮೀಟರ್, 2ನೆಯದು 6, 3ನೆಯದು 10, 4ನೆಯದು 13 ಮಿಲಿಮೀಟರ್ ಕೂದಲನ್ನು ಉಳಿಸುತ್ತದೆ.

ತಲೆ ತೊಳೆದು, ಚೆನ್ನಾಗಿ ಒಣಗಿಸಿ, ಹಗಲು ಬೆಳಕಿನಲ್ಲಿ ಕುಳಿತುಕೊಳ್ಳಬೇಕು. ಒದ್ದೆಯ ಕೂದಲು ಹೆಚ್ಚು ಉದ್ದವಾಗಿ ಕಂಡು ಮೋಸ ಮಾಡುತ್ತದೆ. ಮೊದಲು ನಿರ್ಧರಿಸತಕ್ಕದ್ದು ಗೆರೆ. ಈ ಕ್ರಾಪಿನ ಜೀವವೇ ಅಲ್ಲಿದೆ. ಬಾಚಣಿಗೆಯನ್ನು ತಲೆಯ ಪಕ್ಕಕ್ಕೆ ನೆಟ್ಟಗೆ ಆನಿಸಿ ಹಿಡಿದರೆ ಅದರ ಮೇಲ್ತುದಿ ಎಲ್ಲಿ ತಲೆಯನ್ನು ಬಿಟ್ಟು ಹೊರಗೆ ನಿಲ್ಲುವುದೋ ಅಲ್ಲಿ ಪಕ್ಕದ ಗೋಡೆ ಮುಗಿದು ಮಾಳಿಗೆ ಆರಂಭವಾಯಿತೆಂದು ತಿಳಿಯಬೇಕು. ಗೆರೆ ಅದಕ್ಕಿಂತ ಅರ್ಧ ಅಂಗುಲ ಕೆಳಗಿರಲಿ. ಮೇಲೇರಿದರೆ ಗಿಡ್ಡ ಕೂದಲು ಮುಳ್ಳಿನಂತೆ ನೆಟ್ಟಗೆ ನಿಲ್ಲುತ್ತದೆ, ತಲೆ ಅಣಬೆಯಂತೆ ಕಾಣುತ್ತದೆ. ಎರಡು ಕಡೆಯ ಗೆರೆಗಳೂ ಹಿಂದೆ ಸುಳಿಯ ಕೆಳಗೆ ಕೂಡಿ ಲಾಳದ ಆಕಾರವಾಗಬೇಕು. ಸುಳಿಯನ್ನು ಮಾತ್ರ ಮುಟ್ಟಬಾರದು. ಅಲ್ಲಿನ ಕೂದಲು ಸುತ್ತಿಕೊಂಡು ಬೆಳೆಯುವುದರಿಂದ ಗಿಡ್ಡ ಮಾಡಿದರೆ ಎದ್ದು ನಿಲ್ಲುತ್ತದೆ. ಎರಡು ಸುಳಿಯವನಿಗೆ ಎರಡು ಮದುವೆಯೆಂಬುದು ಅಜ್ಜಿಯರ ಮಾತು. ಎರಡು ಸುಳಿಯವನ ಕ್ರಾಪಿಗೆ ಎರಡು ಪಟ್ಟು ತಾಳ್ಮೆ ಬೇಕೆಂಬುದು ನಮ್ಮ ಮಾತು.

ಗೆರೆಯ ಮೇಲಿನ ಕೂದಲನ್ನೆಲ್ಲ ಎತ್ತಿ ಅಕ್ಕನ ರಬ್ಬರ್ ಬ್ಯಾಂಡಿನಿಂದ ಕಟ್ಟಿಬಿಡಬೇಕು. ಮೆಷಿನ್ನಿಗೆ 4ನೆಯ ಗಾರ್ಡನ್ನು ಹಾಕಿ, ಕತ್ತಿನಿಂದ ಮೇಲ್ಮುಖವಾಗಿ, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ, ನಿಧಾನವಾಗಿ ಸಾಗಬೇಕು. ಗೆರೆ ಸಮೀಪಿಸಿದೊಡನೆ ಕೈಯನ್ನು ಹೊರಕ್ಕೆ ತಿರುಗಿಸಿ ತೆಗೆಯಬೇಕೇ ಹೊರತು ತಲೆಯ ಬಾಗನ್ನು ಹಿಂಬಾಲಿಸಿ ಹೋಗಬಾರದು. ಕಿವಿಯನ್ನು ಕೈಯಿಂದ ಮಡಿಸಿ ಹಿಡಿದು ಅದರ ಸುತ್ತ ತೆಗೆಯಬೇಕು. ಸುತ್ತಲೂ ಒಮ್ಮೆ ಆದ ಮೇಲೆ, ಇನ್ನೂ ಗಿಡ್ಡವಾಗಬೇಕೆನಿಸಿದರೆ ಮಾತ್ರ 3ನೆಯ ಗಾರ್ಡನ್ನು ಕಿವಿಯ ಮಟ್ಟದವರೆಗೆ ಬಳಸಬಹುದು. ಗಾರ್ಡಿಲ್ಲದ ಮೆಷಿನ್ನು ಕತ್ತಿನ ಕೆಳಗಿನ ರೋಮಕ್ಕೆ ಮಾತ್ರ. ಕಟ್ಟನ್ನು ಬಿಚ್ಚಿ ಮೇಲಿನ ಕೂದಲನ್ನು ಮುಂದಕ್ಕೆ ಬಾಚಿ, ತುದಿಯನ್ನು ಎರಡು ಬೆರಳ ನಡುವೆ ಹಿಡಿದು, ಕತ್ತರಿಯ ಮೊನೆಯನ್ನು ಕೂದಲಿನ ಉದ್ದಕ್ಕೇ ಹಿಡಿದು ಸ್ವಲ್ಪ ಸ್ವಲ್ಪವಾಗಿ ಕತ್ತರಿಸಬೇಕು. ಅಡ್ಡ ಕತ್ತರಿಸಿದರೆ ತೆಂಗಿನ ಚಿಪ್ಪನ್ನು ಕವಿಚಿದಂತಾಗುತ್ತದೆ.

ಬಾಚುವುದು ಸುಲಭ. ಅರೆ ಒಣಗಿದ ಕೂದಲನ್ನು ಸುಳಿ ತಿರುಗುವ ದಿಕ್ಕಿಗೇ ಪಕ್ಕಕ್ಕೆ ಬಾಚಿದರೆ ಅದು ತಾನಾಗಿ ಕೂರುತ್ತದೆ. ಮೂರು ನಾಲ್ಕು ಹನಿ ಕೊಬ್ಬರಿ ಎಣ್ಣೆ ಸಾಕು. ಮೇಣದಂಥ ದಪ್ಪ ಲೇಪಗಳು ಹಣೆಗೆ ಇಳಿದು ಮೊಡವೆಗಳನ್ನು ತರುತ್ತವೆ. ಹರೆಯಕ್ಕೆ ಅದಾಗಲೇ ಇರುವ ಮೊಡವೆಗಳೇ ಸಾಕಲ್ಲವೆ?

ಪೋಷಕರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ತಲೆಯಲ್ಲಿ ದುಂಡಗೆ ಕೂದಲುದುರಿ ಹೊಟ್ಟೆದ್ದ ಜಾಗ ಕಂಡರೆ ಅದು ಹುಳುಕಡ್ಡಿಯಿರಬಹುದು. ಮಕ್ಕಳ ನೆತ್ತಿಗೆ ಅದು ಸುಲಭವಾಗಿ ತಗಲುತ್ತದೆ, ಒಂದೇ ಮೆಷಿನ್ನು ಬಾಚಣಿಗೆಗಳಿಂದ ಹರಡುತ್ತದೆ. ನೆತ್ತಿಯ ಹುಳುಕಡ್ಡಿಗೆ ಮೇಲೆ ಹಚ್ಚುವ ಮುಲಾಮು ಸಾಲದು, ಒಳಗೆ ಸೇವಿಸುವ ಔಷಧಿ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಪ್ರತಿಯೊಬ್ಬರ ಕ್ಷೌರದ ನಂತರ ಅಲಗಿನ ಕೂದಲನ್ನು ಬ್ರಷ್ಷಿನಿಂದ ತೆಗೆದು, ವಿದ್ಯುತ್ತಿನ ಪ್ಲಗ್ಗನ್ನು ಕಿತ್ತು, ಸ್ಪಿರಿಟ್ಟಿನಿಂದ ಒರಸಿ, ಆರಿದ ಮೇಲೆ ಒಂದು ಹನಿ ಎಣ್ಣೆ ಬಿಡಬೇಕು. ಬ್ಲೇಡನ್ನು ಅಣ್ಣತಮ್ಮಂದಿರಾದರೂ ಹಂಚಿಕೊಳ್ಳತಕ್ಕದ್ದಲ್ಲ. ಹೆಪಟೈಟಿಸ್ ಬಿ ಯಂಥ ರೋಗಗಳು ರಕ್ತದ ಒಂದು ಸೂಕ್ಷ್ಮ ಕಣದಿಂದಲೂ ದಾಟುತ್ತವೆ.

ಬೋಳಿಸಿದಷ್ಟೂ ಕೂದಲು ದಪ್ಪವಾಗುವುದೆಂಬ ನಂಬಿಕೆ ನಿಜವಲ್ಲ. ಕೂದಲಿನ ಜೀವ ಚರ್ಮದೊಳಗಿನ ಬುಡದಲ್ಲಿದೆ. ನಾವು ಕತ್ತರಿಸುವುದು ನಿರ್ಜೀವ ಎಳೆಯನ್ನು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟೆನಿಸುತ್ತದೆ, ಅಷ್ಟೆ. ನೆತ್ತಿಯ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಆದುದರಿಂದ ಪಕ್ಕದಲ್ಲಿ ಆದ ತಪ್ಪು ಮೂರು ನಾಲ್ಕು ವಾರಗಳಲ್ಲಿ ತುಂಬಿಕೊಳ್ಳುತ್ತದೆ. ನೆತ್ತಿಯ ಮೇಲೆ ಹತ್ತು ಸೆಂಟಿಮೀಟರ್ ಕಳೆದುಕೊಂಡವನು ಸುಮಾರು ಎಂಟು ಹತ್ತು ತಿಂಗಳು ಕಾಯಬೇಕು. ಮೊದಲ ಪ್ರಯೋಗಕ್ಕೆ ವಾರ್ಷಿಕ ಪರೀಕ್ಷೆ ಮುಗಿದ ಮರುದಿನವೇ ತಕ್ಕದ್ದು; ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ಅಣ್ಣ ಮಾಡಿದ ಮೆಟ್ಟಿಲುಗಳೆಲ್ಲ ಮುಚ್ಚಿಹೋಗಿರುತ್ತವೆ.