ಹಾರ್ಮೋನ್ ಕೊಟ್ಟರೆ ಸಾಲದು, ತೆಗೀಲೂಬೇಕು!

ಬೀಜವಿಲ್ಲದೆ ಭ್ರೂಣ ಹುಟ್ಟುತ್ತಾ? ಹುಟ್ಟುತ್ತೆ. ಕ್ಯಾರೆಟ್‌ನ ಸಾಮಾನ್ಯ ಜೀವಕೋಶಗಳಿಂದಲೇ ಭ್ರೂಣ ಬೆಳೆಯುತ್ತೆ ಅಂತ 1958ರಲ್ಲಿ ಅಮೆರಿಕದಲ್ಲಿ ಸ್ಟೂವರ್ಡ್, ಜರ್ಮನಿಯಲ್ಲಿ ರೈನರ್ಟ್ ತೋರಿಸಿದರು. ಟಿಶ್ಯೂ ಕಲ್ಚರ್‌ನ ದೊಡ್ಡ ಅಚ್ಚರಿ ಇದು.

ಮೊದಲು ಕ್ಯಾರೆಟ್ ಚೂರನ್ನು ಸಕ್ಕರೆ, ಲವಣ, ವಿಟಮಿನ್ ಇರುವ ಮಾಧ್ಯಮದಲ್ಲಿಟ್ಟು ಸ್ವಲ್ಪ 2,4-ಡಿ ಸೇರಿಸ್ತಾರೆ. ಇದು ಆಕ್ಸಿನ್ ಹಾರ್ಮೋನಿನಂತೆ ಕೆಲಸ ಮಾಡುವ ರಾಸಾಯನಿಕ. ಹೊಲದಲ್ಲಿ ಇದೇ ಕಳೆನಾಶಕ! ಇಲ್ಲಿ ಮಾತ್ರ ಲೀಟರಿಗೆ ಒಂದೆರಡು ಮಿಲಿಗ್ರಾಂ ಸಾಕು. ಕೋಶಗಳು ಹಳೇ ಕೆಲಸ ಮರೆತು, ವಿಭಜನೆಯಾಗ್ತಾ ಆಕಾರವಿಲ್ಲದ ಮುದ್ದೆಯಾಗುತ್ತವೆ. ಅದೇ ಕ್ಯಾಲಸ್. ಅದರೊಳಗೆ ಭ್ರೂಣವಾಗಬಲ್ಲ ಕೋಶಗುಂಪುಗಳಿದ್ದರೂ ಅವು ಮುಂದೆ ಹೋಗಲ್ಲ.

ಯಾಕೆ? ಭ್ರೂಣಕ್ಕೆ ಬೇರು ಯಾವ ಕಡೆ, ಚಿಗುರು ಯಾವ ಕಡೆ ಅಂತ ಗೊತ್ತಾಗಬೇಕು. ಆಕ್ಸಿನ್ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದರೆ ತಾನೇ ದಿಕ್ಕು! ಸುತ್ತಲೂ 2,4-ಡಿ ತುಂಬಿದ್ದರೆ ಆ ಗ್ರೇಡಿಯೆಂಟ್ ಮೂಡೋದೇ ಕಷ್ಟ. ಅದಕ್ಕೇ ಕೋಶಗಳನ್ನು 2,4-ಡಿ ಇಲ್ಲದ ಮಾಧ್ಯಮಕ್ಕೆ ಹಾಕ್ತಾರೆ. ಆಗ ಭ್ರೂಣ ಗೋಳ, ಹೃದಯ, ಟಾರ್ಪೆಡೊ ಆಕಾರಗಳನ್ನು ದಾಟಿ ಬೆಳೆಯುತ್ತೆ. ಅದು ಬಲಿಯುವ ಮೊದಲೇ ಮೊಳೆಯದಂತೆ ಅಬ್ಸಿಸಿಕ್ ಆಮ್ಲ ತಡೆಯುತ್ತೆ.

ಮುದ್ದೆಯನ್ನು 2,4-ಡಿಯಲ್ಲಿ ತುಂಬಾ ದಿನ ಬಿಟ್ಟರೆ ವಂಶವಾಹಿಗಳಲ್ಲಿ ಏರುಪೇರಾಗಿ, ಸಸಿ ತಾಯಿಮರದಂತೆ ಇರದೇ ಹೋಗಬಹುದು. 1979ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಶ್ರೀಗಂಧದಲ್ಲೂ ಹೀಗೆ ಭ್ರೂಣ ಬೆಳೆಸಿದರು. ಗಂಧದ ಮರ ಚೇಗು ಕಟ್ಟೋಕೆ ಎಷ್ಟೋ ವರ್ಷ ಬೇಕು. ಲ್ಯಾಬಿನಲ್ಲಾದ ತಪ್ಪು ರೈತನಿಗೆ ತಿಳಿಯೋದು ಆಗಲೇ!