ಟ್ರೈಡಾಕ್ನಾ ಚಿಪ್ಪಿಗೆ ಬೆಳಕೇ ಅನ್ನ

“ಚಿಪ್ಪುಜೀವಿ ತಾನೇ, ಅಕ್ವೇರಿಯಂ ಟ್ಯಾಂಕಿನ ಕೊಳೆ ತಿಂದುಕೊಂಡು ಇರುತ್ತದೆ.”

ಅಳಿವೆಯ ಕೆಸರಿನಲ್ಲಿ ಹೂತು, ನೀರು ಸೋಸಿ ಬದುಕುವ ನಮ್ಮ ಕರಾವಳಿಯ ಮರುವಾಯಿಯನ್ನು ಬಲ್ಲವರಿಗೆ ಹೀಗನ್ನಿಸುವುದು ಸಹಜ. ಹವಳದ ದಿಬ್ಬಗಳ ಟ್ರೈಡಾಕ್ನಾ ಬೇರೆಯೇ ದಾರಿ ಹಿಡಿದ ಜೀವಿ. ಅದೂ ನೀರು ಸೋಸುತ್ತದೆ, ಆದರೆ ಅದರ ಬದುಕು ನಿಂತಿರುವುದು ಬೆಳಕಿನ ಮೇಲೆ. ಚಿಪ್ಪಿನಾಚೆ ಹರಡಿಕೊಳ್ಳುವ ಬಣ್ಣದ ಮಾಂಸದಂಚಿಗೆ ಮ್ಯಾಂಟಲ್ ಎನ್ನುತ್ತಾರೆ. ಅದರೊಳಗೆ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿಗಳು ನೆಲೆಸಿವೆ. ಅವು ಬೆಳಕಿನಲ್ಲಿ ತಯಾರಿಸುವ ಸಕ್ಕರೆಯ ಬಹುಪಾಲು ಚಿಪ್ಪಿನ ಹೊಟ್ಟೆಗೆ ಸೇರುತ್ತದೆ. ಮಂದ ದೀಪದಡಿ ಇಟ್ಟ ಚಿಪ್ಪು ಕೂಡಲೇ ಸಾಯುವುದಿಲ್ಲ. ತಿಂಗಳುಗಟ್ಟಲೆ ಉಪವಾಸ ಬಿದ್ದು, ಒಳಗೊಳಗೇ ಸೊರಗಿ ಸಾಯುತ್ತದೆ. ನನಗೆ ಅತಿ ಹೆಚ್ಚು ಸಂಕಟವಾಗುವುದು ಇದಕ್ಕೇ. ಟ್ರೈಡಾಕ್ನಾದ ಕ್ರೋಸಿಯಾ, ಮ್ಯಾಕ್ಸಿಮಾ ಜಾತಿಗಳಿಗೆ ಪ್ರಖರ ಬೆಳಕು ಬೇಕೇ ಬೇಕು. ಡೆರಾಸಾ, ಸ್ಕ್ವಾಮೋಸಾ ಸ್ವಲ್ಪ ಕಡಿಮೆಗೂ ಹೊಂದಿಕೊಳ್ಳುತ್ತವೆ. ಹೊಸದಾಗಿ ತಂದದ್ದನ್ನು ಮಾತ್ರ ಪ್ರಖರ ಬೆಳಕಿಗೆ ಮೆಲ್ಲಗೆ ಒಗ್ಗಿಸಬೇಕು.

“ನೈಟ್ರೇಟ್ ಸೊನ್ನೆ ಇದ್ದರೆ ಒಳ್ಳೆಯದು.”

ಆ ಪಾಚಿಗಳಿಗೂ ಸಾರಜನಕ ಬೇಡವೇ? ಟ್ರೈಡಾಕ್ನಾ ನೀರಿನಲ್ಲಿ ಕರಗಿದ ಅಮೋನಿಯಂ, ನೈಟ್ರೇಟ್‌ಗಳನ್ನು ನೇರವಾಗಿ ಹೀರಿಕೊಳ್ಳುತ್ತದೆ. ಏನೂ ಉಳಿಯದಂತೆ ಸೋಸಿದ ನೀರಿನಲ್ಲಿ ಮ್ಯಾಂಟಲ್ ಬಿಳಿಚಿಕೊಳ್ಳುತ್ತದೆ. ಮೀನುಗಳಿಗೆ ಚೆನ್ನಾಗಿ ಉಣಿಸುವ ಟ್ಯಾಂಕಿನಲ್ಲಿ ಈ ಕೊರತೆ ಬರುವುದು ಕಡಿಮೆ. ಚಿಪ್ಪು ಬೆಳೆಯಲು ಸುಣ್ಣದಂಶವೂ ಬೇಕು: ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ. ನೀರಿನ ಲವಣಾಂಶ ಸಾವಿರಕ್ಕೆ 35ರ ಆಸುಪಾಸು ಇರಲಿ. ಆಲ್ಕಲಿನಿಟಿ ಏರಿಳಿಯದಿರಲಿ.

“ಅಗಲವಾಗಿ ತೆರೆದಷ್ಟೂ ಆರೋಗ್ಯ.”

ಇಲ್ಲಿ ಎರಡು ಬಗೆಯ ತೆರೆಯುವಿಕೆ ಇದೆ, ಅವುಗಳ ವ್ಯತ್ಯಾಸ ತಿಳಿದರೆ ಚಿಪ್ಪು ಉಳಿಯುತ್ತದೆ. ಮ್ಯಾಂಟಲ್ ಚಿಪ್ಪಿನಂಚು ದಾಟಿ ತುಂಬಿ ಹರಡಿದ್ದರೆ, ನೆರಳು ಬಿದ್ದೊಡನೆ ಒಳಸೆಳೆದುಕೊಂಡರೆ, ಅದು ಆರೋಗ್ಯ. ಮ್ಯಾಂಟಲ್ ಕುಗ್ಗಿ, ನೀರು ಒಳಸೆಳೆಯುವ ರಂಧ್ರ ಜೋಲುಬಿದ್ದು ಬಾಯಿ ಬಿಟ್ಟುಕೊಂಡಿದ್ದರೆ ಅದು ಅಪಾಯ. ಆಗ ತಕ್ಷಣ ನೀರು ಪರೀಕ್ಷಿಸಿ. ಚಿಪ್ಪಿನ ಬುಡವನ್ನೂ ನೋಡಿ. ಅಕ್ಕಿಕಾಳಿನಷ್ಟು ಬಿಳಿ ಬಸವನಹುಳುಗಳು ರಾತ್ರಿ ಹೊತ್ತು ಮ್ಯಾಂಟಲ್‌ಗೆ ಸೊಂಡಿಲು ಚುಚ್ಚಿ ರಸ ಹೀರುತ್ತವೆ, ಹಗಲಲ್ಲಿ ಬುಡದಲ್ಲಿ ಅಡಗುತ್ತವೆ. ಮೆತ್ತನೆಯ ಬ್ರಷ್‌ನಿಂದ ಅವನ್ನೂ ಅವುಗಳ ಲೋಳೆಮೊಟ್ಟೆಗಳನ್ನೂ ಉಜ್ಜಿ ತೆಗೆಯಬೇಕು, ಮತ್ತೆ ಮತ್ತೆ.

“ಜಾಗ ಸರಿಯಿಲ್ಲದಿದ್ದರೆ ಕಿತ್ತು ಬೇರೆಡೆ ಇಟ್ಟರಾಯಿತು.”

ಕೀಳಲೇಬೇಡಿ. ಬುಡದಿಂದ ಹೊರಡುವ ಎಳೆಗಳಿಂದ ಅದು ಕಲ್ಲಿಗೆ ಅಂಟಿಕೊಂಡಿರುತ್ತದೆ. ಎಳೆದರೆ ಆ ಎಳೆಗಳ ಗ್ರಂಥಿಯೇ ಹರಿದು ಬರುತ್ತದೆ, ಆ ಗಾಯದಿಂದ ಎಷ್ಟೋ ಚಿಪ್ಪುಗಳು ಸತ್ತಿವೆ. ಎಳೆಗಳನ್ನು ಕಲ್ಲಿನ ಹತ್ತಿರ ಹರಿತವಾದ ಬ್ಲೇಡಿನಿಂದ ಕತ್ತರಿಸಿ.

“ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿ ಇದಕ್ಕೇನೂ ಮಾಡದು.”

ಕೊಲ್ಲುತ್ತದೆ. ಮೀನಿನ ಚಿಕಿತ್ಸೆ ಬೇರೆ ತೊಟ್ಟಿಯಲ್ಲೇ ಆಗಲಿ.

“ದುಡ್ಡು ಕೊಟ್ಟರೆ ಎಲ್ಲಿ ಬೇಕಾದರೂ ಸಾಕಬಹುದು.”

ಭಾರತದಲ್ಲಿ ಮ್ಯಾಕ್ಸಿಮಾ, ಸ್ಕ್ವಾಮೋಸಾ ಮತ್ತು ಅದೇ ಕುಟುಂಬದ ಹಿಪ್ಪೋಪಸ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಹುಲಿಯಿರುವ ಪಟ್ಟಿಯೇ ಅದು. ಬೆಂಗಳೂರಿನಲ್ಲಿ ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಕೊಳ್ಳಬೇಡಿ. ಸಾಕಲು ಕಾನೂನಿನ ಅಡ್ಡಿಯಿಲ್ಲದ ದೇಶಗಳಲ್ಲಿರುವ ಕನ್ನಡಿಗರು ಸಾಕಣೆ ಕೇಂದ್ರದಲ್ಲಿ ಬೆಳೆದದ್ದನ್ನೇ ಕೇಳಿ ಕೊಳ್ಳಲಿ. ಪೆಸಿಫಿಕ್‌ನ ಪಲಾವ್ ದ್ವೀಪಗಳಲ್ಲಿ ದಶಕಗಳಿಂದ ಡೆರಾಸಾವನ್ನು ಮರಿ ಮಾಡಿಸಿ ಬೆಳೆಸುತ್ತಿದ್ದಾರೆ.