‘ಜೀರೋ ಡೌನ್ ಪೇಮೆಂಟ್’ ಮನೆ: ಆ ದುಡ್ಡು ನಿಜಕ್ಕೂ ಯಾರು ಕೊಡ್ತಾರೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ವಿಷಯ ಮೊದಲ ಮನೆ. ಅದರಲ್ಲೂ ಒಂದೇ ಒಂದು ಪ್ರಶ್ನೆ: ಡೌನ್ ಪೇಮೆಂಟ್ ಕೂಡಿಡದೆ ಮನೆ ತಗೋಬಹುದಾ?

ನಾನಿರೋದು ಸಿ.ವಿ. ರಾಮನ್ ನಗರದಲ್ಲಿ, ಬಾಡಿಗೆ ಮನೆಯಲ್ಲಿ. ಒಂದು ಕಡೆ ಬಾಗ್ಮನೆ ಟೆಕ್ ಪಾರ್ಕ್, ಇನ್ನೊಂದು ಕಡೆ ಡಿಆರ್‌ಡಿಒ ಪ್ರಯೋಗಾಲಯಗಳು, ಸುತ್ತ ಕಗ್ಗದಾಸಪುರ, ಮಲ್ಲೇಶಪಾಳ್ಯ, ನಾಗವಾರಪಾಳ್ಯ. ಇಲ್ಲಿರುವ ನಮ್ಮ ವಯಸ್ಸಿನವರಲ್ಲಿ ಎಷ್ಟೋ ಜನಕ್ಕೆ ಸಂಬಳ ಚೆನ್ನಾಗಿದೆ, ಇಎಂಐ ಕಟ್ಟೋ ಧೈರ್ಯವೂ ಇದೆ. ಇಲ್ಲದಿರೋದು ಒಟ್ಟಿಗೆ ಇಡೋ ಹದಿನೈದಿಪ್ಪತ್ತು ಲಕ್ಷ. ಅಂಥವರನ್ನೇ ಹುಡುಕಿಕೊಂಡು ‘ಜೀರೋ ಡೌನ್ ಪೇಮೆಂಟ್’, ‘100 ಪರ್ಸೆಂಟ್ ಲೋನ್’ ಅನ್ನೋ ಮೆಸೇಜ್‌ಗಳು ವಾಟ್ಸ್‌ಆ್ಯಪ್‌ಗೆ ಬರ್ತವೆ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಡೌನ್ ಪೇಮೆಂಟ್ ಅನ್ನೋದು ಮಾಯ ಆಗಲ್ಲ. ನೀವು ಕೊಡದಿದ್ದರೆ ಬೇರೆ ಯಾರೋ ಕೊಟ್ಟಿರ್ತಾರೆ. ಅವರು ಯಾರು, ಅದಕ್ಕೆ ಬದಲಾಗಿ ಏನು ಕೇಳ್ತಾರೆ, ಇಷ್ಟು ಗೊತ್ತಾದರೆ ಸಾಕು.

ಬ್ಯಾಂಕ್ ಯಾಕೆ ಪೂರ್ತಿ ಕೊಡಲ್ಲ?

ಇದು ಬ್ಯಾಂಕ್ ಮ್ಯಾನೇಜರ್ ಮನಸ್ಸಿನ ಮಾತಲ್ಲ, ರಿಸರ್ವ್ ಬ್ಯಾಂಕಿನ ನಿಯಮ. 2015ರಿಂದ ಇರುವ ಮಿತಿ ಹೀಗಿದೆ. ಗೃಹಸಾಲ 30 ಲಕ್ಷದವರೆಗೆ ಇದ್ದರೆ ಮನೆ ಬೆಲೆಯ ಶೇ 90ರಷ್ಟು ಕೊಡಬಹುದು. 30ರಿಂದ 75 ಲಕ್ಷದ ಸಾಲಕ್ಕೆ ಶೇ 80. 75 ಲಕ್ಷ ದಾಟಿದರೆ ಶೇ 75. ಉಳಿದದ್ದು ನಿಮ್ಮ ಪಾಲು. ಬ್ಯಾಂಕಿನವರು ಅದನ್ನ ‘ಮಾರ್ಜಿನ್ ಮನಿ’ ಅಂತಾರೆ. ಮೊದಲು ಆ ದುಡ್ಡು ಕಟ್ಟಿದ್ದಕ್ಕೆ ರಸೀದಿ ತೋರಿಸಿ, ಆಮೇಲೆ ಲೋನ್ ಬಿಡ್ತೀವಿ ಅಂತ ಕೇಳೋದೂ ಸಾಮಾನ್ಯ.

ಇನ್ನೊಂದು ವಿಷಯ ತುಂಬಾ ಜನ ಗಮನಿಸಲ್ಲ. ಮನೆ ಬೆಲೆ ಲೆಕ್ಕ ಹಾಕುವಾಗ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಸೇರಿಸೋ ಹಾಗಿಲ್ಲ. 10 ಲಕ್ಷದೊಳಗಿನ ಮನೆಗೆ ಮಾತ್ರ ವಿನಾಯಿತಿ. ಅಂದರೆ ರಿಜಿಸ್ಟ್ರೇಷನ್ ಖರ್ಚೂ ನಿಮ್ಮ ಜೇಬಿನಿಂದಲೇ. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಎಲ್ಲ ಸೇರಿ ನಗರದಲ್ಲಿ ಸುಮಾರು ಶೇ 7.6.

ಒಂದು ಲೆಕ್ಕ ಹಾಕೋಣ

60 ಲಕ್ಷದ ಒಂದು ಹಳೇ 2 ಬಿಎಚ್‌ಕೆ ಫ್ಲ್ಯಾಟ್ ಅಂತ ಇಟ್ಕೊಳ್ಳಿ. ಬ್ಯಾಂಕ್ ಕೊಡೋದು ಶೇ 80, ಅಂದರೆ 48 ಲಕ್ಷ. ನಿಮ್ಮ ಪಾಲು 12 ಲಕ್ಷ. ಮುದ್ರಾಂಕ ಮತ್ತು ನೋಂದಣಿ 4.56 ಲಕ್ಷ. ಕೈಯಿಂದ ಹೊರಡೋದು ಒಟ್ಟು 16.56 ಲಕ್ಷ. ಬ್ರೋಕರ್ ಕಮಿಷನ್, ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಫೀ ಇದರಲ್ಲಿ ಸೇರಿಲ್ಲ.

48 ಲಕ್ಷಕ್ಕೆ ಶೇ 8.5ರ ಬಡ್ಡಿ, 20 ವರ್ಷ ಅಂದರೆ ಇಎಂಐ ಸುಮಾರು 41,650 ರೂಪಾಯಿ. ಈಗ ‘ಜೀರೋ’ ಮಾಡೋಣ ಅಂತ ಉಳಿದ 16.56 ಲಕ್ಷಕ್ಕೆ ಪರ್ಸನಲ್ ಲೋನ್ ತಗೊಂಡ್ರಿ. ಶೇ 13ರ ಬಡ್ಡಿ, 5 ವರ್ಷ. ಅದರ ಇಎಂಐ ಸುಮಾರು 37,700. ಎರಡೂ ಸೇರಿ ತಿಂಗಳಿಗೆ 79,000ಕ್ಕೂ ಮೇಲೆ. ಆ ಸಣ್ಣ ಸಾಲಕ್ಕೇ ಐದು ವರ್ಷದಲ್ಲಿ ಬಡ್ಡಿ ಅಂತ ಕಟ್ಟೋದು ಸುಮಾರು 6 ಲಕ್ಷ.

ನಿಮ್ಮ ಎಲ್ಲ ಇಎಂಐ ಸೇರಿ, ಕೈಗೆ ಬರೋ ಸಂಬಳದ ಅರ್ಧದ ಆಸುಪಾಸಿನಲ್ಲೇ ಇರಬೇಕು ಅಂತ ಬ್ಯಾಂಕ್‌ಗಳು ಸಾಮಾನ್ಯವಾಗಿ ನೋಡ್ತವೆ. ಆ ಲೆಕ್ಕಕ್ಕೆ ಕೈಗೆ 1.6 ಲಕ್ಷದಷ್ಟು ಸಂಬಳ ಬರಬೇಕು. ಅದಕ್ಕೇ ಕೆಲವು ಏಜೆಂಟರು, ‘ಮೊದಲು ಹೋಮ್ ಲೋನ್ ಸ್ಯಾಂಕ್ಷನ್ ಆಗಲಿ ಸರ್, ಆಮೇಲೆ ಪರ್ಸನಲ್ ಲೋನ್ ಹಾಕೋಣ’ ಅಂತಾರೆ. ಬ್ಯಾಂಕಿಗೆ ಗೊತ್ತಾಗದ ಹಾಗೆ ಅಂತ ಅರ್ಥ. ಕ್ರೆಡಿಟ್ ರಿಪೋರ್ಟ್‌ನಲ್ಲಿ ಅದು ಕಾಣಿಸುತ್ತೆ. ಲೋನ್ ಪೂರ್ತಿ ಬಿಡುಗಡೆ ಆಗೋ ಮುಂಚೆ ಕಂಡರೆ ಬ್ಯಾಂಕ್ ಕೈ ಎತ್ತಬಹುದು. ಅಷ್ಟರಲ್ಲಿ ನೀವು ಮನೆ ಮಾಲೀಕರಿಗೆ ಅಡ್ವಾನ್ಸ್ ಕೊಟ್ಟಾಗಿರುತ್ತೆ.

ಇದೇ ಲೆಕ್ಕವನ್ನ ತಿರುಗಿಸಿ ನೋಡಿ. ತಿಂಗಳಿಗೆ 79,000 ಕಟ್ಟೋ ತಾಕತ್ತು ನಿಜವಾಗಿಯೂ ಇದ್ದರೆ, 28,000 ಬಾಡಿಗೆ ಕೊಟ್ಟು ಉಳಿದ 51,000 ಎತ್ತಿಟ್ಟರೆ, ಆ 16.56 ಲಕ್ಷ 33 ತಿಂಗಳೊಳಗೆ ಕೈಗೆ ಬರುತ್ತೆ. ಮೂರು ವರ್ಷಕ್ಕಿಂತ ಕಡಿಮೆ. ‘ಅಷ್ಟರಲ್ಲಿ ಮನೆ ರೇಟು ಏರುತ್ತಲ್ಲ’ ಅಂತೀರಿ. ಏರಬಹುದು, ನಿಜ. ಆದರೆ ತಿಂಗಳಿಗೆ 51,000 ಎತ್ತಿಡೋಕೆ ಆಗ್ತಿಲ್ಲ ಅಂದರೆ, ಆ ಎರಡು ಇಎಂಐ ಕಟ್ಟೋಕೂ ಆಗಲ್ಲ. ಅದನ್ನ ಮನೆ ತಗೊಳ್ಳೋ ಮುಂಚೆ ತಿಳ್ಕೊಳ್ಳೋದು ವಾಸಿ.

ಬಿಲ್ಡರ್ ಕಟ್ಟಿದ್ರೆ?

ಎರಡನೇ ದಾರಿ ಬಿಲ್ಡರ್ ಸ್ಕೀಮ್. ‘ಮನೆ ಕೈಗೆ ಸಿಗೋವರೆಗೂ ಇಎಂಐ ಇಲ್ಲ, ನಾವೇ ಕಟ್ತೀವಿ.’ ಇದಕ್ಕೆ ಸಬ್‌ವೆನ್ಷನ್ ಅಂತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಸಾಲ ಇರೋದು ನಿಮ್ಮ ಹೆಸರಲ್ಲಿ, ದುಡ್ಡು ಹೋಗೋದು ಬಿಲ್ಡರ್ ಖಾತೆಗೆ. ಬಿಲ್ಡರ್ ಬಡ್ಡಿ ಕಟ್ಟೋದು ನಿಲ್ಲಿಸಿದ ದಿನ ಬ್ಯಾಂಕ್ ಫೋನ್ ಮಾಡೋದು ನಿಮಗೆ.

ಕೆಲಸ ಎಷ್ಟು ಆಗಿದೆಯೋ ಅಷ್ಟಕ್ಕೆ ಮಾತ್ರ ಸಾಲದ ಹಣ ಬಿಡಿ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕ್‌ಗಳಿಗೆ ಹೇಳಿತ್ತು. 2019ರ ಜುಲೈನಲ್ಲಿ ನ್ಯಾಷನಲ್ ಹೌಸಿಂಗ್ ಬ್ಯಾಂಕ್, ಈ ಥರದ ಸ್ಕೀಮ್‌ಗಳಿಗೆ ಸಾಲ ಕೊಡಬೇಡಿ ಅಂತ ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಸೂಚಿಸಿತು. ಅಷ್ಟೊತ್ತಿಗೆ ದೆಹಲಿ ಸುತ್ತಮುತ್ತ ಸಾವಿರಾರು ಜನ ಸಿಕ್ಕಿಹಾಕಿಕೊಂಡಿದ್ದರು. ಮನೆ ಇಲ್ಲ, ಇಎಂಐ ಇದೆ, ಜೊತೆಗೆ ಬಾಡಿಗೆಯೂ ಇದೆ. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದರು. ಬಿಲ್ಡರ್ ಮತ್ತು ಬ್ಯಾಂಕ್‌ಗಳ ನಂಟಿನ ತನಿಖೆಗೆ ಕೋರ್ಟ್ ಸಿಬಿಐಗೆ ಸೂಚಿಸಿತು. 2025ರ ಜುಲೈನಲ್ಲಿ 22 ಪ್ರಕರಣ ದಾಖಲಿಸಲು ಅನುಮತಿ ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ಬೆಂಗಳೂರೂ ಸೇರಿ ಬೇರೆ ನಗರಗಳ ಯೋಜನೆಗಳ ಬಗ್ಗೆ ಇನ್ನೂ 6 ಪ್ರಕರಣಕ್ಕೆ ಅನುಮತಿ ಕೊಟ್ಟಿತು.

ಕಟ್ಟುತ್ತಿರೋ ಅಪಾರ್ಟ್‌ಮೆಂಟ್ ನೋಡ್ತಿದ್ದರೆ ರೇರಾ ಕಾಯ್ದೆಯ 13ನೇ ಸೆಕ್ಷನ್ ನೆನಪಿರಲಿ. ಸೇಲ್ ಅಗ್ರಿಮೆಂಟ್ ನೋಂದಣಿ ಆಗದೆ ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಹಣ ತಗೊಳ್ಳೋ ಹಾಗಿಲ್ಲ. ಪ್ರಾಜೆಕ್ಟ್‌ನ ನಂಬರ್ ಹಾಕಿ ಕರ್ನಾಟಕ ರೇರಾ ವೆಬ್‌ಸೈಟ್‌ನಲ್ಲಿ ಫೋನ್‌ನಲ್ಲೇ ನೋಡಬಹುದು.

ಬೆಲೆ ಜಾಸ್ತಿ ತೋರಿಸೋ ಆಟ

ಮೂರನೇ ದಾರಿ ಬಾಯಿಮಾತಲ್ಲಿ ಮಾತ್ರ ಇರುತ್ತೆ. 60 ಲಕ್ಷದ ಮನೆಯನ್ನ ಅಗ್ರಿಮೆಂಟ್‌ನಲ್ಲಿ 75 ಲಕ್ಷ ಅಂತ ಬರೆಸೋದು. 75ರ ಶೇ 80 ಅಂದರೆ ಸರಿಯಾಗಿ 60. ಡೌನ್ ಪೇಮೆಂಟ್ ಇಲ್ಲ! ಆದರೆ ಬ್ಯಾಂಕಿಗೆ ಸುಳ್ಳು ದಾಖಲೆ ಕೊಡೋದು ವಂಚನೆ, ಸಹಿ ನಿಮ್ಮದು. ಇನ್ನು 75 ಲಕ್ಷಕ್ಕೇ ರಿಜಿಸ್ಟರ್ ಮಾಡಿಸಿದರೆ ಶುಲ್ಕವೇ 1.14 ಲಕ್ಷ ಜಾಸ್ತಿ. ಕೊನೆಗೆ ನಿಮ್ಮ ತಲೆ ಮೇಲೆ ಮನೆಯ ಬೆಲೆಯಷ್ಟೇ ಸಾಲ. ನಾಳೆ ಕೆಲಸ ಹೋಗಿ ಮನೆ ಮಾರಬೇಕಾಗಿ ಬಂದು, ಎರಡು ಲಕ್ಷ ಕಡಿಮೆಗೆ ಹೋದರೂ ಸಾಲ ತೀರಲ್ಲ.

ಇದು ಬರೀ ಹೆದರಿಸೋ ಮಾತಲ್ಲ. ಕಂತು 90 ದಿನ ಬಾಕಿ ಆದರೆ ಸಾಲ ಎನ್‌ಪಿಎ ಆಗುತ್ತೆ. ಆಮೇಲೆ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸ್, ಅದಾದ ಮೇಲೆ ಮನೆ ಸ್ವಾಧೀನಕ್ಕೆ ತಗೊಳ್ಳೋ ಅಧಿಕಾರ ಬ್ಯಾಂಕಿಗಿದೆ. ಡೌನ್ ಪೇಮೆಂಟ್ ಕಟ್ಟಿದವರಿಗೆ ಅಂಥ ಹೊತ್ತಲ್ಲಿ ಮಾರಿ ಹೊರಬರೋಕೆ ಒಂದಿಷ್ಟು ಜಾಗ ಇರುತ್ತೆ. ಶೇ 20 ಕೇಳೋ ನಿಯಮ ಬ್ಯಾಂಕಿಗೆ ಮಾತ್ರವಲ್ಲ, ನಿಮಗೂ ಆಸರೆ.

ಹಾಗಾದರೆ ನ್ಯಾಯವಾದ ದಾರಿ ಇಲ್ವಾ?

ಇದೆ. ಉಳಿತಾಯ ಅಂತ ಬ್ಯಾಂಕ್ ಖಾತೆಯಲ್ಲಿ ಕಾಣದಿದ್ದರೂ, ನಿಮ್ಮದೇ ದುಡ್ಡು ಬೇರೆ ಕಡೆ ಕೂತಿರಬಹುದು.

ಒಂದು, ಪಿಎಫ್. ಮನೆಗಾಗಿ ತೆಗೆಯೋಕೆ ಅವಕಾಶ ಮೊದಲಿಂದಲೂ ಇದೆ. ಐದು ವರ್ಷ ಸೇವೆ ಆಗಿರಬೇಕು ಅನ್ನೋದು ಹಳೇ ನಿಯಮ. 2025ರ ಅಕ್ಟೋಬರ್‌ನಲ್ಲಿ ಇಪಿಎಫ್‌ಒ ಕೇಂದ್ರ ಮಂಡಳಿ ಇದನ್ನ 12 ತಿಂಗಳಿಗೆ ಇಳಿಸೋ ತೀರ್ಮಾನ ಮಾಡಿತು, ಜೊತೆಗೆ ಶೇ 25ರಷ್ಟು ಖಾತೆಯಲ್ಲೇ ಉಳಿಯಬೇಕು ಅಂತಲೂ ಹೇಳಿತು. ಅರ್ಜಿ ಹಾಕೋ ದಿನ ಪೋರ್ಟಲ್‌ನಲ್ಲಿ ಯಾವ ನಿಯಮ ಇದೆ ನೋಡ್ಕೊಳ್ಳಿ. ಇದು ನಿಮ್ಮ ನಿವೃತ್ತಿಯ ಹಣ, ಅದೂ ಮನಸ್ಸಲ್ಲಿರಲಿ.

ಎರಡು, ಲೀಸ್ ದುಡ್ಡು. ಇದು ಬೆಂಗಳೂರಿನದೇ ಲೆಕ್ಕ. ಅಪ್ಪ ಅಮ್ಮ ಭೋಗ್ಯಕ್ಕೆ ಅಂತ ಮನೆ ಮಾಲೀಕರ ಹತ್ತಿರ ಹತ್ತು, ಹನ್ನೆರಡು ಲಕ್ಷ ಇಟ್ಟಿರ್ತಾರೆ. ಬಾಡಿಗೆ ಮನೆಯಾದರೂ ಅಡ್ವಾನ್ಸ್ ಇದ್ದೇ ಇರುತ್ತೆ. ಅದು ಬರೋದು ಮನೆ ಖಾಲಿ ಮಾಡಿದ ಮೇಲೆ, ಎಷ್ಟೋ ಸಲ ಮುಂದಿನವರು ಬಂದು ದುಡ್ಡು ಕೊಟ್ಟ ಮೇಲೆ. ಹಾಗಾಗಿ ಆ ದಿನಾಂಕವನ್ನ ಮಾಲೀಕರ ಹತ್ತಿರ ಬರಹದಲ್ಲಿ ತಗೊಂಡೇ ಹೊಸ ಮನೆಗೆ ಮಾತು ಕೊಡಿ. ಒಂದು ವರ್ಷ ದಾಟಿದ ಲೀಸ್ ನೋಂದಣಿ ಆಗಿರಬೇಕು ಅನ್ನೋದು ಕಾನೂನು. ಆಗಿದ್ದರೆ ವಸೂಲಿಗೂ ಬಲ.

ಮೂರು, ಮನೆಯವರು. ಅಪ್ಪ, ಅಮ್ಮ, ಅಣ್ಣ, ಅಕ್ಕ, ಅತ್ತೆ, ಮಾವ ಉಡುಗೊರೆಯಾಗಿ ಕೊಟ್ಟ ಹಣಕ್ಕೆ ನಿಮಗೆ ಆದಾಯ ತೆರಿಗೆ ಇಲ್ಲ. ಉಡುಗೊರೆ ಅಂತಲೋ ಕೈಸಾಲ ಅಂತಲೋ ಒಂದು ಹಾಳೆಯಲ್ಲಿ ಬರೆದಿಟ್ಟು, ಬ್ಯಾಂಕ್ ಮೂಲಕವೇ ತಗೊಳ್ಳಿ. ಐದು ವರ್ಷ ಆದಮೇಲೆ ‘ಆ ಮನೆಯಲ್ಲಿ ನನಗೂ ಪಾಲಿದೆ’ ಅನ್ನೋ ಜಗಳ ತಪ್ಪುತ್ತೆ.

ನಾಲ್ಕು, ಸರ್ಕಾರಿ ನೌಕರಿ. ಎನ್‌ಜಿಇಎಫ್ ಲೇಔಟ್, ಬಿಇಎಂಎಲ್ ಲೇಔಟ್ ಅಂತ ಪೂರ್ವ ಬೆಂಗಳೂರಲ್ಲಿ ಕಾರ್ಖಾನೆ ಹೆಸರಿನ ಬಡಾವಣೆಗಳಿವೆಯಲ್ಲ, ಆ ತಲೆಮಾರಿನವರು ನೌಕರರ ಗೃಹ ನಿರ್ಮಾಣ ಸಹಕಾರ ಸಂಘಕ್ಕೆ ಕಂತು ಕಟ್ಟಿ ಮೊದಲು ಸೈಟ್ ಮಾಡ್ಕೊಂಡರು, ಮನೆ ಆಮೇಲೆ. ಇವತ್ತಿಗೆ ಡಿಆರ್‌ಡಿಒ ಥರದ ಕೇಂದ್ರ ಸರ್ಕಾರಿ ನೌಕರರಿಗೆ ಹೌಸ್ ಬಿಲ್ಡಿಂಗ್ ಅಡ್ವಾನ್ಸ್ ಇದೆ. 2017ರ ನಿಯಮದಲ್ಲಿ 34 ತಿಂಗಳ ಮೂಲ ವೇತನ ಅಥವಾ 25 ಲಕ್ಷ, ಯಾವುದು ಕಡಿಮೆಯೋ ಅಷ್ಟರವರೆಗೆ. ಗಂಡ ಹೆಂಡತಿ ಇಬ್ಬರೂ ಕೇಂದ್ರ ನೌಕರರಾದರೆ ಇಬ್ಬರೂ ತಗೋಬಹುದು.

ಪ್ರಧಾನಮಂತ್ರಿ ಆವಾಸ್ ಯೋಜನೆ ಬಗ್ಗೆ ಕೇಳೋರಿಗೆ: 2024ರ ಸೆಪ್ಟೆಂಬರ್‌ನಿಂದ ನಗರದ 2.0 ಆವೃತ್ತಿ ಇದೆ. ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗೆ, ಮನೆ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇರಬೇಕು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಮೊದಲ 8 ಲಕ್ಷದ ಸಾಲಕ್ಕೆ ಶೇ 4ರ ಬಡ್ಡಿ ಸಹಾಯ, ಗರಿಷ್ಠ 1.80 ಲಕ್ಷ, ಐದು ಕಂತಲ್ಲಿ. ಆದರೆ ಅದು ಬರೋದು ಸಾಲದ ಖಾತೆಗೆ, ಸಾಲ ಆದಮೇಲೆ. ಡೌನ್ ಪೇಮೆಂಟ್‌ಗೆ ಆಗಲ್ಲ. 35 ಲಕ್ಷಕ್ಕೆ ಸಿ.ವಿ. ರಾಮನ್ ನಗರದಲ್ಲಿ ಮನೆ ಸಿಗೋದೂ ಕಷ್ಟ.

ಅಗ್ಗದ ಮನೆ, ಅರ್ಧ ಕಾಗದ

ಕೊನೆಗೆ ಒಂದು ಎಚ್ಚರಿಕೆ. ಹಳೇ ಹಳ್ಳಿಗಳ ಸುತ್ತ ಬೆಳೆದ ರೆವಿನ್ಯೂ ಬಡಾವಣೆಗಳಲ್ಲಿ ‘ಬಿ’ ಖಾತಾ ಮನೆಗಳು ಕಡಿಮೆ ಬೆಲೆಗೆ ಸಿಗ್ತವೆ. ಎಷ್ಟೋ ಬ್ಯಾಂಕ್‌ಗಳು ಅವಕ್ಕೆ ಸಾಲ ಕೊಡೋಕೆ ಹಿಂದೇಟು ಹಾಕ್ತವೆ. ಆಗ ‘ಪೂರ್ತಿ ಫೈನಾನ್ಸ್ ನಾವೇ ಮಾಡಿಸ್ತೀವಿ’ ಅಂತ ಖಾಸಗಿಯವರು ಬರ್ತಾರೆ, ಬಡ್ಡಿ ಜಾಸ್ತಿ. ಬ್ಯಾಂಕ್ ಒಂದು ಮನೆಗೆ ಸಾಲ ಬೇಡ ಅಂತಿದೆ ಅಂದರೆ ಕಾರಣ ಕೇಳಿ, ಅದು ಪುಕ್ಕಟೆ ಸಲಹೆ. 2024ರ ಅಕ್ಟೋಬರ್‌ನಿಂದ ಬೆಂಗಳೂರಲ್ಲಿ ಇ-ಖಾತಾ ಇಲ್ಲದೆ ನೋಂದಣಿಯೇ ಆಗಲ್ಲ. ಅಡ್ವಾನ್ಸ್ ಕೊಡೋ ಮುಂಚೆ ಅದನ್ನ ನೋಡಿ.

ಈ ವಾರ ಒಂದು ಕೆಲಸ ಮಾಡಿ. ನಿಮಗೆ ಬಂದಿರೋ ಆಫರ್ ಕಾಗದ ಇಟ್ಕೊಂಡು ಮೂರು ಸಾಲು ಬರೀರಿ: ನನ್ನ ಪಾಲಿನ ಹಣ ಯಾರು ಕೊಡ್ತಿದ್ದಾರೆ, ಅವರಿಗೆ ನಾನು ಯಾವಾಗ, ಎಷ್ಟು ವಾಪಸ್ ಕೊಡಬೇಕು, ಅವರು ಮಧ್ಯದಲ್ಲಿ ಕೈಬಿಟ್ಟರೆ ಯಾರ ಹೆಸರಿಗೆ ಬರುತ್ತೆ. ಮೂರಕ್ಕೂ ಉತ್ತರ ಸಿಗದಿದ್ದರೆ ಸಹಿ ಹಾಕಬೇಡಿ.

ಮುಂದಿನ ಸಂಚಿಕೆಯಲ್ಲಿ ಸಾಲದ ಬಡ್ಡಿ: ಫ್ಲೋಟಿಂಗ್ ಅಂದರೇನು, ರೆಪೊ ದರ ಇಳಿದರೂ ನಿಮ್ಮ ಇಎಂಐ ಯಾಕೆ ಇಳಿಯಲ್ಲ? ನಿಮ್ಮ ಪ್ರಶ್ನೆಗಳನ್ನ ವಾಯ್ಸ್ ನೋಟ್‌ನಲ್ಲಿ ಕಳಿಸಿ. ಸಿಗೋಣ.